ಇಂಗ್ಲೆಂಡಿನ ಚಾರಿಟಿ ಅಂಗಡಿಗಳಲ್ಲಿ ಅಗ್ಗದ ಸಂಗೀತ: ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು

ಪ್ರಶ್ನೆ: ಮೂರು ವರ್ಷದ ಕೆಲಸದ ಮೇಲೆ ಹುಬ್ಬಳ್ಳಿಯಿಂದ ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದಿದ್ದೇನೆ. ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಹಳೆಯ ಸಿಡಿ, ಎಲ್‌ಪಿಗಳು ಒಂದೆರಡು ಪೌಂಡಿಗೆ ಸಿಗುತ್ತವೆ ಎಂದು ಕೇಳಿ ಹಲವು ಶನಿವಾರ ಸುತ್ತಿದೆ. ಹೋದಲ್ಲೆಲ್ಲ ಅವೇ ಹತ್ತಿಪ್ಪತ್ತು ಹೆಸರುಗಳು ಕಾಣುತ್ತವೆ. ಹಿಂದುಸ್ತಾನಿ ಸಂಗೀತ ಕೇಳಿ ಬೆಳೆದವನು ನಾನು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಈಗಷ್ಟೇ ಕೇಳಲು ತೊಡಗಿದ್ದೇನೆ. ತಿಂಗಳಿಗೆ ಇಪ್ಪತ್ತು ಪೌಂಡಿಗಿಂತ ಹೆಚ್ಚು ಖರ್ಚು ಮಾಡಲಾರೆ. ಎಲ್ಲಿ, ಯಾವಾಗ, ಏನನ್ನು ಹುಡುಕಬೇಕು? ಕೆಟ್ಟ ತಟ್ಟೆಯನ್ನು ಅಂಗಡಿಯಲ್ಲೇ ಗುರುತಿಸುವುದು ಹೇಗೆ? ನಮ್ಮ ಸಂಗೀತವೂ ಇಲ್ಲಿ ಸಿಕ್ಕೀತೆ?

ಉತ್ತರ: ನಿಮ್ಮ ಇಪ್ಪತ್ತು ಪೌಂಡುಗಳನ್ನು ಎಲ್‌ಪಿಗೆ ಹಾಕದೆ ಸಿಡಿಗೆ ಹಾಕಿ, ಸಿಡಿಗಳಲ್ಲಿಯೂ ಪಾಪ್ ಸಾಲನ್ನು ದಾಟಿ ಶಾಸ್ತ್ರೀಯ ಸಂಗೀತದ ಸಾಲಿಗೆ ಹೋಗಿ. ಆ ಸಾಲು ಸಾಮಾನ್ಯವಾಗಿ ಕಪಾಟಿನ ತೀರ ಕೆಳಗಿನ ಹಲಗೆಯ ಮೇಲೆ ಇರುತ್ತದೆ, ಮಂಡಿಯೂರಿ ಕುಳಿತೇ ನೋಡಬೇಕಾಗುತ್ತದೆ. ಅಗ್ಗದ ಹಳೆಯ ಸಂಗೀತ ಎಂದೊಡನೆ ಎಲ್ಲರೂ ಎಲ್‌ಪಿಯನ್ನೇ ನೆನೆಯುತ್ತಾರೆ, ಆದರೆ ಎಲ್‌ಪಿ ಅಗ್ಗವಾಗಿದ್ದ ಕಾಲ ಬ್ರಿಟನ್ನಿನಲ್ಲಿ ಮುಗಿದು ಹೋಗಿದೆ. 2022ರಲ್ಲಿ ಇಲ್ಲಿ ಹೊಸ ಎಲ್‌ಪಿಗಳ ಮಾರಾಟದಿಂದ ಬಂದ ಹಣ ಸಿಡಿಗಳಿಂದ ಬಂದ ಹಣವನ್ನು 1987ರ ಬಳಿಕ ಮೊದಲ ಬಾರಿಗೆ ಮೀರಿತು. ಹೊಸ ಎಲ್‌ಪಿಯೊಂದಕ್ಕೆ ಇಪ್ಪತ್ತೈದು, ಮೂವತ್ತು ಪೌಂಡು ಕೊಡಲು ಜನ ಸಿದ್ಧರಿರುವಾಗ, ಹಳೆಯ ಎಲ್‌ಪಿಗೆ ಬೆಲೆಯಿದೆ ಎಂಬುದು ದಾನ ಕೊಡುವವರಿಗೂ ಗೊತ್ತು, ಬೆಲೆ ಚೀಟಿ ಅಂಟಿಸುವವರಿಗೂ ಗೊತ್ತು. ಸಿಡಿಯ ಪಾಡು ಇದಕ್ಕೆ ತೀರ ವಿರುದ್ಧವಾದದ್ದು. ಮನೆ ಮನೆಯಿಂದ ಪೆಟ್ಟಿಗೆಗಟ್ಟಲೆ ಹೊರಬೀಳುತ್ತಿರುವ ಸಿಡಿಗಳನ್ನು ಕೊಳ್ಳುವವರು ಕಡಿಮೆ. ಹೀಗಾಗಿ ಐವತ್ತು ಪೆನ್ಸ್‌ನಿಂದ ಎರಡು ಪೌಂಡಿನೊಳಗೆ, ಒಮ್ಮೊಮ್ಮೆ ಮೂರು ನಾಲ್ಕಕ್ಕೆ ಸೇರಿ ಒಂದೇ ಪೌಂಡಿಗೆ, ಒಂದು ಕಾಲದಲ್ಲಿ ಹದಿನೈದು ಪೌಂಡು ತೆತ್ತು ಕೊಂಡಿದ್ದ ಧ್ವನಿಮುದ್ರಣಗಳು ಸಿಗುತ್ತವೆ.

ಅಂಗಡಿಯ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ ಹುಡುಕಾಟ ಸುಲಭವಾಗುತ್ತದೆ. ನಾನು ಇಂತಹ ಅಂಗಡಿಯೊಂದರಲ್ಲಿ ಸ್ವಯಂಸೇವಕನಾಗಿ ಸಂಗೀತದ ವಿಭಾಗವನ್ನು ನೋಡಿಕೊಳ್ಳುತ್ತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಕ್ಸ್‌ಫ್ಯಾಮ್ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟ್‌ನಲ್ಲಿ ತೆರೆದ ಅಂಗಡಿಯ ಮಾದರಿಯೇ ಇಂದಿಗೂ ಎಲ್ಲೆಡೆ ನಡೆದು ಬಂದಿದೆ: ಜನ ದಾನವಾಗಿ ಕೊಟ್ಟ ವಸ್ತು, ಬಹುಮಟ್ಟಿಗೆ ಸಂಬಳವಿಲ್ಲದ ದುಡಿಮೆ, ಮಾರಾಟದ ಲಾಭ ಸೇವಾಕಾರ್ಯಕ್ಕೆ. ದಾನದ ವಸ್ತುಗಳ ಮಾರಾಟಕ್ಕೆ ವ್ಯಾಟ್ ತೆರಿಗೆ ಬೀಳುವುದಿಲ್ಲ, ಕಟ್ಟಡದ ವ್ಯಾಪಾರ ತೆರಿಗೆಯಲ್ಲಿಯೂ ಶೇಕಡ 80ರಷ್ಟು ವಿನಾಯಿತಿಯಿದೆ. ಊರಿನ ಮುಖ್ಯ ಬೀದಿಯಲ್ಲಿ ಇಂತಹ ಅಂಗಡಿಗಳು ಒಂದರ ಪಕ್ಕದಲ್ಲೊಂದು ನಿಲ್ಲಲು ಸಾಧ್ಯವಾಗಿರುವುದು ಇದರಿಂದ. ಬಂದ ಚೀಲಗಳನ್ನು ಹಿಂದಿನ ಕೋಣೆಯಲ್ಲಿ ಬಿಚ್ಚಿ, ಬಟ್ಟೆ, ಪುಸ್ತಕ, ಪಾತ್ರೆ ಎಂದು ಬೇರ್ಪಡಿಸುತ್ತಾರೆ. ಸಂಗೀತವನ್ನು ಬಲ್ಲವರು ಪ್ರತಿ ಅಂಗಡಿಯಲ್ಲೂ ಇರುವುದಿಲ್ಲ. ಇದ್ದರೂ ಎಲ್ಲ ದಿನವೂ ಇರುವುದಿಲ್ಲ. ಬೆಲೆಯುಳ್ಳದ್ದು ಎಂದು ಅನುಮಾನ ಬಂದರೆ ಹಿಂಬದಿಯ ಬಾರ್‌ಕೋಡನ್ನು ಫೋನಿನಲ್ಲಿ ಹುಡುಕುತ್ತಾರೆ, ಎಲ್‌ಪಿಯಾದರೆ ತಟ್ಟೆಗಳ ಮಾರಾಟ ಬೆಲೆ ತಿಳಿಸುವ ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ನೋಡುತ್ತಾರೆ, ನಿಜಕ್ಕೂ ದುಬಾರಿಯಾದದ್ದನ್ನು ಸಂಸ್ಥೆಯ ಆನ್‌ಲೈನ್ ಅಂಗಡಿಗೆ ಕಳುಹಿಸಿಬಿಡುತ್ತಾರೆ. ಹೊರಗಿನ ಕಪಾಟಿನಲ್ಲಿ ಕೆಲವು ವಾರ ಮಾರಾಟವಾಗದೆ ಉಳಿದದ್ದನ್ನು ತೆಗೆದು ಬೇರೆ ಶಾಖೆಗೋ ಸಗಟು ಕೊಳ್ಳುವವರಿಗೋ ರವಾನಿಸಿ ಜಾಗ ಮಾಡಿಕೊಳ್ಳುತ್ತಾರೆ.

ಇದರಿಂದ ನಿಮಗೆ ಉಪಯೋಗವಾಗುವ ಸಂಗತಿ ಇಷ್ಟು: ಫೋನಿನಲ್ಲಿ ಸುಲಭವಾಗಿ ಬೆಲೆ ಸಿಗುವ ವಸ್ತು ಅಗ್ಗವಾಗಿ ಉಳಿಯುವುದಿಲ್ಲ. ಒಂದೇ ಸಿಂಫನಿಯ (ದೊಡ್ಡ ವಾದ್ಯವೃಂದಕ್ಕಾಗಿ ಬರೆದ ದೀರ್ಘ ಕೃತಿಯ) ಹತ್ತಾರು ಧ್ವನಿಮುದ್ರಣಗಳಲ್ಲಿ ಯಾವುದು ಎಂತಹುದು ಎಂದು ಹೇಳಲು ಬಾರ್‌ಕೋಡಿಗೆ ಆಗದು. 1980ರ ದಶಕದ ಆರಂಭದ ಸಿಡಿಗಳಲ್ಲಿ ಕೆಲವಕ್ಕೆ ಬಾರ್‌ಕೋಡೇ ಇರುವುದಿಲ್ಲ. ಮುಖಪುಟದಲ್ಲಿ ಪರಿಚಿತ ಮುಖವಿಲ್ಲದ, ಜರ್ಮನ್ ಅಥವಾ ಫ್ರೆಂಚ್ ಭಾಷೆಯ ಹೆಸರು ಹೊತ್ತ, ಬೂದು ಬಣ್ಣದ ಯಾವುದೋ ವರ್ಣಚಿತ್ರವನ್ನು ಅಂಟಿಸಿಕೊಂಡ ಸಿಡಿ ಸಾಮಾನ್ಯ ಬೆಲೆಯ ಚೀಟಿಯೊಂದಿಗೆ ನೇರವಾಗಿ ಕೆಳಗಿನ ಹಲಗೆಗೆ ಬರುತ್ತದೆ.

ಎಲ್ಲೆಡೆ ಅವೇ ಹೆಸರುಗಳು ಕಾಣುತ್ತವೆ ಎಂಬ ನಿಮ್ಮ ದೂರಿಗೆ ಕಾರಣವೂ ಸರಳವಾಗಿದೆ. ಲಕ್ಷಗಟ್ಟಲೆ ಮಾರಾಟವಾದದ್ದೇ ಲಕ್ಷಗಟ್ಟಲೆ ಮರಳಿ ಬರುತ್ತದೆ. ಪಿಟೀಲು ವಾದಕ ನೈಜೆಲ್ ಕೆನಡಿ 1989ರಲ್ಲಿ ಹೊರತಂದ ವಿವಾಲ್ಡಿಯ ಋತುಗಳ ಕೃತಿ ಇಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. 1990ರ ಜುಲೈನಲ್ಲಿ ರೋಮ್ ನಗರದಲ್ಲಿ ಮೂವರು ಟೆನರ್ (ಎತ್ತರದ ಪುರುಷ ಧ್ವನಿಯ) ಗಾಯಕರು ನಡೆಸಿದ ಕಛೇರಿಯ ತಟ್ಟೆ ಇಲ್ಲದ ಚಾರಿಟಿ ಅಂಗಡಿ ಇಂಗ್ಲೆಂಡಿನಲ್ಲಿ ಇರಲಾರದು. 1997ರ ಕ್ಯೂಬನ್ ಸಂಗೀತದ ಬ್ಯೂನಾ ವಿಸ್ತಾ ಸಂಕಲನವೂ ಹಾಗೆಯೇ. ಪ್ರಿನ್ಸ್ ಎಂಬ ಗಾಯಕ 2007ರ ಜುಲೈನಲ್ಲಿ ತನ್ನ ಹೊಸ ಆಲ್ಬಮ್ಮನ್ನೇ ಭಾನುವಾರದ ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಹಂಚಿಸಿದ್ದರಿಂದ, ಆ ರಟ್ಟಿನ ಲಕೋಟೆಗಳು ಇಂದಿಗೂ ದಾನದ ಚೀಲಗಳಿಂದ ಉದುರುತ್ತಲೇ ಇವೆ. ಎಲ್‌ಪಿಗಳ ಪೆಟ್ಟಿಗೆಯಲ್ಲಾದರೆ ಜೇಮ್ಸ್ ಲಾಸ್ಟ್, ಜಿಮ್ ರೀವ್ಸ್, ಮಾಂಟೊವಾನಿ ಇವರುಗಳು ಕಾಯಂ ನಿವಾಸಿಗಳು. ಸಾಮಾನ್ಯವಾಗಿ ಸಿಗುತ್ತದೆ ಎಂಬ ಮಾತ್ರಕ್ಕೆ ಸಂಗೀತ ಕಳಪೆಯಾಗುವುದಿಲ್ಲ. ಕೆನಡಿಯವರ ವಿವಾಲ್ಡಿಯನ್ನು ಐವತ್ತು ಪೆನ್ಸ್‌ಗೆ ಕೊಂಡು ಕೇಳುವುದರಲ್ಲಿ ನಷ್ಟವೇನೂ ಇಲ್ಲ, ಹೊಸಬರಿಗೆ ಅದು ಒಳ್ಳೆಯ ಬಾಗಿಲೇ ಸರಿ. ಅದಕ್ಕೆ ಎರಡು ಪೌಂಡು ಕೇಳಿದರೆ ಮಾತ್ರ ಮುಂದಿನ ಅಂಗಡಿಗೆ ನಡೆಯಿರಿ.

ಇನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ. ಕಪಾಟಿನಲ್ಲಿರುವ ಸಂಗೀತವು ಸುತ್ತಲಿನ ಐದಾರು ಮೈಲಿಯ ಮನೆಗಳಲ್ಲಿ ಮೂವತ್ತು ವರ್ಷಗಳ ಹಿಂದೆ ಯಾರು ಏನನ್ನು ಕೇಳುತ್ತಿದ್ದರು ಎಂಬುದನ್ನು ಅವಲಂಬಿಸಿರುತ್ತದೆ. ಶಾಸ್ತ್ರೀಯ ಸಿಡಿಗಳ ಒಳ್ಳೆಯ ಸಂಗ್ರಹಗಳು ಹೊರಬರುವುದು ಹೆಚ್ಚಾಗಿ ವಯಸ್ಸಾದವರು ದೊಡ್ಡ ಮನೆಯನ್ನು ಬಿಟ್ಟು ಚಿಕ್ಕದಕ್ಕೆ ಹೋದಾಗ, ಇಲ್ಲವೇ ಅವರು ತೀರಿಕೊಂಡ ಮೇಲೆ ಮಕ್ಕಳು ಮನೆಯನ್ನು ಖಾಲಿ ಮಾಡಿದಾಗ. ಆದ್ದರಿಂದ ರೆಡಿಂಗ್ ಪೇಟೆಯ ನಡುವೆ ಸುತ್ತುವುದಕ್ಕಿಂತ ಹೆನ್ಲಿ, ಮಾರ್ಲೋ, ವಾಲಿಂಗ್‌ಫರ್ಡ್ ಮುಂತಾದ, ನಿವೃತ್ತರು ಹೆಚ್ಚಾಗಿ ನೆಲೆಸಿರುವ ಥೇಮ್ಸ್ ದಂಡೆಯ ಊರುಗಳಿಗೆ ಹೋಗಿ ಬರುವುದು ಮೇಲು. ವಿಶ್ವವಿದ್ಯಾಲಯವಿರುವ ಊರುಗಳೂ ಒಳ್ಳೆಯವೇ. ಆಕ್ಸ್‌ಫ್ಯಾಮ್ ಸಂಸ್ಥೆಗೆ ಪುಸ್ತಕ ಮತ್ತು ಸಂಗೀತಕ್ಕೆಂದೇ ಮೀಸಲಾದ ಅಂಗಡಿಗಳಿವೆ, ಲಂಡನ್ನಿನ ಮ್ಯಾರಿಲೆಬೋನ್ ಹೈ ಸ್ಟ್ರೀಟ್‌ನಲ್ಲಿರುವುದು ಅವುಗಳಲ್ಲಿ ಹೆಸರುವಾಸಿಯಾದದ್ದು. ಅಲ್ಲಿ ಆಯ್ಕೆ ಚೆನ್ನಾಗಿರುತ್ತದೆ, ಆದರೆ ಬೆಲೆ ಹಾಕುವವರು ಸಂಗೀತವನ್ನು ಬಲ್ಲವರು. ಕಲಿಯಲು ಅಲ್ಲಿಗೆ ಹೋಗಿ, ಕೊಳ್ಳಲು ಮಾತ್ರ ಸಣ್ಣ ಊರಿನ ಹಾಸ್ಪಿಸ್ ಅಂಗಡಿಗಳಿಗೆ ಹೋಗಿ ಎನ್ನುತ್ತೇನೆ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳು ನಡೆಸುವ ಈ ಅಂಗಡಿಗಳಿಗೆ ಆ ಊರಿನ ಕುಟುಂಬಗಳು ಕೃತಜ್ಞತೆಯಿಂದ ಇಡೀ ಸಂಗ್ರಹವನ್ನೇ ಒಪ್ಪಿಸುವುದುಂಟು, ಅಲ್ಲಿ ಸಿಡಿಗೆಲ್ಲ ಒಂದೇ ಬೆಲೆ ಇರುವುದೂ ಉಂಟು. ಸ್ಕಾಟ್ಲೆಂಡಿಗೆ ಪ್ರವಾಸ ಹೋದರೆ ಎಡಿನ್‌ಬರೋದ ಸ್ಟಾಕ್‌ಬ್ರಿಜ್ ಬಡಾವಣೆಯಲ್ಲಿ ಅರ್ಧ ದಿನ ಇಟ್ಟುಕೊಳ್ಳಿ, ಅಲ್ಲಿ ಒಂದೇ ರಸ್ತೆಯಲ್ಲಿ ಚಾರಿಟಿ ಅಂಗಡಿಗಳು ಸಾಲುಗಟ್ಟಿವೆ.

ಸಮಯದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಶನಿವಾರ ಎಲ್ಲರೂ ಬರುವ ದಿನ. ವಾರಾಂತ್ಯದಲ್ಲಿ ಬಂದ ಚೀಲಗಳನ್ನು ಸೋಮವಾರ ಬಿಡಿಸಿ ಬೆಲೆ ಹಾಕುವುದರಿಂದ ಮಂಗಳವಾರ, ಬುಧವಾರದ ಹೊತ್ತಿಗೆ ಹೊಸ ಸರಕು ಕಪಾಟಿಗೆ ಬಂದಿರುತ್ತದೆ. ಕ್ರಿಸ್‌ಮಸ್ ಮುಗಿದ ಜನವರಿಯಲ್ಲಿ, ಹಾಗೆಯೇ ವಿದ್ಯಾರ್ಥಿಗಳು ಕೋಣೆ ಖಾಲಿ ಮಾಡುವ ಜೂನ್ ತಿಂಗಳಲ್ಲಿ ದಾನ ಹೆಚ್ಚು ಬರುತ್ತದೆ.

ಶಾಸ್ತ್ರೀಯ ಸಾಲಿನ ಮುಂದೆ ಕುಳಿತಾಗ ಸಂಗೀತಗಾರರ ಹೆಸರೆಲ್ಲ ಅಪರಿಚಿತವಾಗಿ ಕಾಣುವುದು ಸಹಜ. ಆರಂಭದಲ್ಲಿ ಕಂಪನಿಗಳ ಹೆಸರನ್ನು ಹಿಡಿದು ಹೋಗಿ. ಹೈಪೀರಿಯನ್ ಎಂಬ ಲಂಡನ್ನಿನ ಸಣ್ಣ ಕಂಪನಿ 1980ರಲ್ಲಿ ಹುಟ್ಟಿತು. ದೊಡ್ಡ ಕಂಪನಿಗಳು ಮುಟ್ಟದಿದ್ದ ಕೃತಿಗಳನ್ನು ಹುಡುಕಿ, ಒಳ್ಳೆಯ ಧ್ವನಿಯಲ್ಲಿ, ಓದಲು ಯೋಗ್ಯವಾದ ದಪ್ಪ ಟಿಪ್ಪಣಿಯೊಂದಿಗೆ ಹೊರತಂದಿತು. ಶುಬರ್ಟ್‌ನ ಹಾಡುಗಳನ್ನೆಲ್ಲ ಪಿಯಾನೊ ವಾದಕ ಗ್ರಹಾಂ ಜಾನ್ಸನ್ ನೇತೃತ್ವದಲ್ಲಿ 37 ಸಂಪುಟಗಳಲ್ಲಿ ಮುದ್ರಿಸಿದ್ದು ಅದರ ದೊಡ್ಡ ಸಾಧನೆ. ಅದರ ಬಿಡಿ ಸಂಪುಟಗಳು ಒಂದು ಪೌಂಡಿಗೆ ಸಿಕ್ಕರೆ ಬಿಡಬೇಡಿ. ಕೋಲ್ಚೆಸ್ಟರ್ ಊರಿನ ಚಾಂಡೋಸ್ ಇಂತಹದೇ ಇನ್ನೊಂದು ಕಂಪನಿ. 1987ರಲ್ಲಿ ಹಾಂಕಾಂಗ್‌ನಲ್ಲಿ ಆರಂಭವಾದ ನ್ಯಾಕ್ಸೋಸ್ ಕಂಪನಿಯ ಬಿಳಿ ಹೊದಿಕೆಯ ಸಿಡಿಗಳು ಹೊಸದಾಗಿದ್ದಾಗಲೇ ಅಗ್ಗವಾಗಿದ್ದವು, ಹೀಗಾಗಿ ಅವುಗಳನ್ನು ಕೀಳಾಗಿ ಕಾಣುವವರಿದ್ದಾರೆ. ಆ ತಿರಸ್ಕಾರಕ್ಕೆ ಆಧಾರವಿಲ್ಲ. ಐವತ್ತು ಪೆನ್ಸ್‌ಗೆ ಒಂದರಂತೆ ಹೈಡನ್‌ನ ನಾಲ್ಕು ತಂತಿವಾದ್ಯಗಳ ಕೃತಿಗಳನ್ನೋ ಸ್ಕಾರ್ಲಾಟಿಯ ಸೊನಾಟಾಗಳನ್ನೋ ಕೂಡಿಹಾಕಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಿಬಿಸಿ ಮ್ಯೂಸಿಕ್ ಮ್ಯಾಗಝೀನ್ ಎಂಬ ಪತ್ರಿಕೆ 1992ರಿಂದ ಪ್ರತಿ ಸಂಚಿಕೆಯ ಜೊತೆ ಒಂದು ಪೂರ್ತಿ ಸಿಡಿಯನ್ನು ಕೊಡುತ್ತ ಬಂದಿದೆ. ಅವುಗಳಲ್ಲಿ ಬಹಳಷ್ಟು ಬಿಬಿಸಿಯ ವಾದ್ಯವೃಂದಗಳ ಕಛೇರಿಗಳ ಮುದ್ರಣ. ಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು ಎಂದು ಅಂಗಡಿಗಳು ಇವುಗಳಿಗೆ ಅತಿ ಕಡಿಮೆ ಬೆಲೆ ಇಡುತ್ತವೆ, ಕೆಲವೆಡೆ ಬುಟ್ಟಿಗೆ ಸುರಿದಿರುತ್ತವೆ. ಆ ಬುಟ್ಟಿಯನ್ನು ತಳದವರೆಗೂ ಕೆದಕಿ ನೋಡಿ.

ಮೈಸೂರಿನ ನಂಟೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಆ ಸಾಲಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಹೆಸರು ನಿಮಗೆ ಮತ್ತೆ ಮತ್ತೆ ಕಾಣಿಸುತ್ತದೆ. 1945ರಲ್ಲಿ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಈ ವೃಂದಕ್ಕೆ ಆರಂಭದ ಕಷ್ಟಕಾಲದಲ್ಲಿ ಧನಸಹಾಯ ಮಾಡಿದವರು ಮಹಾರಾಜ ಜಯಚಾಮರಾಜೇಂದ್ರ ಒಡೆಯರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರೂ ಅವರೇ. ರಷ್ಯದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿ ಕಂಪನಿಗೆ ಮುದ್ರಿಸಲು ಸಾಧ್ಯವಾದದ್ದು ಒಡೆಯರ ಹಣದಿಂದ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದದ ಕೃತಿಯನ್ನು) ಅವರಿಗೆ ಅರ್ಪಿಸಿದ್ದಾನೆ. ನಿಮಿಷಕ್ಕೆ 78 ಸುತ್ತು ತಿರುಗುವ, ಹಳೆಯ 78 ವೇಗದ ತಟ್ಟೆಗಳಲ್ಲಿದ್ದ ಈ ಮುದ್ರಣಗಳನ್ನು ಟೆಸ್ಟಮೆಂಟ್ ಎಂಬ ಬ್ರಿಟಿಷ್ ಕಂಪನಿ ಸಿಡಿಗೆ ತಂದಿತು. ವಾದ್ಯವೃಂದ ನಿರ್ದೇಶಕ ಕರಾಯನ್ 1949ರಲ್ಲಿ ಇದೇ ವೃಂದದೊಂದಿಗೆ ಮುದ್ರಿಸಿದ, ರಷ್ಯದ ಸಂಗೀತಕಾರ ಬಲಾಕಿರೇವ್‌ನ ಮೊದಲ ಸಿಂಫನಿಯ ಹಿಂದೆಯೂ ಮೈಸೂರಿನ ಹಣವಿತ್ತು. ಇವು ದಿನವೂ ಸಿಗುವಂಥವಲ್ಲ, ಆದರೆ ಸಿಕ್ಕಾಗ ಅಂಗಡಿಯವರು ಇವುಗಳನ್ನು ಹಳೆಯ ಮೋನೊ ಮುದ್ರಣ ಎಂದು ಬಗೆದು ಎರಡು ಪೌಂಡಿಗಿಂತ ಹೆಚ್ಚು ಕೇಳುವುದು ಅಪರೂಪ. ಸಂಗೀತ ಕೇಳಿ ಬೆಳೆದ ಕನ್ನಡಿಗನ ಸಂಗ್ರಹದಲ್ಲಿ ಮೆಟ್ನರ್ ಇರಬೇಕೆಂದು ನನಗೆ ಅನ್ನಿಸುತ್ತದೆ.

ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಡಬ್ಬಿಯನ್ನು ತೆರೆದು, ಒಳಗಿರುವುದು ಅದೇ ತಟ್ಟೆಯೇ ಎಂದು ನೋಡಿ. ಎರಡು ತಟ್ಟೆಗಳ ಸೆಟ್ಟಿನಲ್ಲಿ ಒಂದೇ ಇರುವುದು ಸಾಮಾನ್ಯ ಸಂಗತಿ, ಅದು ಯಾರದೋ ಕಾರಿನಲ್ಲಿ ಉಳಿದುಹೋಗಿರುತ್ತದೆ. ಡಬ್ಬಿ ಒಡೆದಿದ್ದರೆ ಚಿಂತೆಯಿಲ್ಲ, ಬೇರೆ ಹಾಕಿಕೊಳ್ಳಬಹುದು. ತಟ್ಟೆಯ ಹೊಳೆಯುವ ಬದಿಯ ಗೀರುಗಳಿಗೆ ಜನ ಹೆದರುತ್ತಾರೆ, ವಾಸ್ತವದಲ್ಲಿ ಹೆಚ್ಚು ಅಪಾಯವಿರುವುದು ಅಕ್ಷರ ಮುದ್ರಿಸಿದ ಮೇಲ್ಬದಿಗೆ. ಧ್ವನಿಯ ಮಾಹಿತಿಯನ್ನು ಹೊತ್ತ ಲೋಹದ ಪದರವು ಮೇಲ್ಬದಿಯ ತೆಳು ಅರಗಿನ ಕೆಳಗೇ ಇದೆ. ಹೊಳೆಯುವ ಬದಿಯಲ್ಲಾದರೆ ಅದಕ್ಕೆ 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ. ಮೇಲ್ಬದಿಯಲ್ಲಿ ಆಳವಾದ ಗೀರಿದ್ದರೆ, ಇಲ್ಲವೇ ತಟ್ಟೆಯನ್ನು ದೀಪಕ್ಕೆ ಹಿಡಿದಾಗ ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಕಂಡರೆ, ಬಿಟ್ಟುಬಿಡಿ. ಕೆಳಬದಿಯ ಗೀರು ನಡುವಿನಿಂದ ಅಂಚಿಗೆ ಕಡ್ಡಿಯಂತೆ ಹಾದಿದ್ದರೆ ತೊಂದರೆ ಕಡಿಮೆ. ತಪ್ಪನ್ನು ತಿದ್ದಿಕೊಳ್ಳುವ ಲೆಕ್ಕಾಚಾರ ಸಿಡಿಯಲ್ಲೇ ಅಡಗಿದ್ದು, ಜಾಡಿನಲ್ಲಿ ಸುಮಾರು 2.5 ಮಿಲಿಮೀಟರಿನಷ್ಟು ಮಾಹಿತಿ ಕಾಣೆಯಾದರೂ ಅದು ಸರಿಪಡಿಸಿಕೊಳ್ಳಬಲ್ಲದು. ಗೀರು ಜಾಡಿನ ಗುಂಟ ವೃತ್ತಾಕಾರವಾಗಿ ಹೋಗಿದ್ದರೆ ಮಾತ್ರ ಈ ಲೆಕ್ಕ ಸೋಲುತ್ತದೆ. ಒರೆಸುವಾಗಲೂ ಇದೇ ಕಾರಣಕ್ಕೆ ಸುತ್ತ ಒರೆಸದೆ ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಬೇಕು.

ಬ್ರಿಟನ್ನಿನ ಸಿಡಿಗಳಿಗೇ ವಿಶೇಷವಾದ ಒಂದು ರೋಗವಿದೆ, ಶಾಸ್ತ್ರೀಯ ಸಾಲಿನಲ್ಲಿ ಹುಡುಕುವವರು ಅದನ್ನು ತಿಳಿದಿರಲೇಬೇಕು. ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಎಂಬ ಕಾರ್ಖಾನೆಯಲ್ಲಿ 1988ರಿಂದ 1993ರ ವರೆಗೆ ಒತ್ತಿದ ತಟ್ಟೆಗಳಲ್ಲಿ ಹಲವು ಕಾಲಕ್ರಮದಲ್ಲಿ ಕಂಚಿನ ಬಣ್ಣಕ್ಕೆ ತಿರುಗಿದವು. ಅವುಗಳ ಮೇಲೆ ಹಚ್ಚಿದ್ದ ಅರಗು ಗಂಧಕವನ್ನು ತಡೆಯುವಂಥದ್ದಾಗಿರಲಿಲ್ಲ. ಡಬ್ಬಿಯೊಳಗಿನ ಕಾಗದದಿಂದ ಬಂದ ಗಂಧಕ ಒಳಗಿನ ಬೆಳ್ಳಿಯ ಪದರವನ್ನು ತಿಂದಿತು. ದುರದೃಷ್ಟವೆಂದರೆ ಹೈಪೀರಿಯನ್ ಮೊದಲಾದ ಒಳ್ಳೆಯ ಕಂಪನಿಗಳು ಆಗ ತಮ್ಮ ತಟ್ಟೆಗಳನ್ನು ಅಲ್ಲಿಯೇ ಒತ್ತಿಸುತ್ತಿದ್ದವು. ಆದ್ದರಿಂದ ಆ ವರ್ಷಗಳ ಸಿಡಿ ಕೈಗೆ ಬಂದಾಗ ನಡುವಿನ ರಂಧ್ರದ ಸುತ್ತ ಪಿಡಿಒ ಎಂಬ ಮೂರಕ್ಷರ ಇದೆಯೇ ಎಂದು ನೋಡಿ. ಇದ್ದರೆ ಅಂಚಿನಲ್ಲಿ ಕಂದು ಛಾಯೆ ಹರಡಿದೆಯೇ ಎಂದು ನೋಡಿ. ಸಿಡಿ ಓದುವುದು ನಡುವಿನಿಂದ ಹೊರಕ್ಕಾದ್ದರಿಂದ, ಅಂಚಿನಿಂದ ಒಳಬರುವ ಈ ರೋಗ ಮೊದಲು ಹಿಡಿಯುವುದು ಕೊನೆಯ ಹಾಡನ್ನು. ಮನೆಗೆ ತಂದ ಮೇಲೆ ಕೊನೆಯ ಹಾಡನ್ನೇ ಮೊದಲು ಕೇಳಿ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ಹಳೆಯ ದಪ್ಪ ಡಬ್ಬಿಯ ಸೆಟ್ಟುಗಳಲ್ಲಿ ತಟ್ಟೆಯ ಮೇಲೆ ಇಟ್ಟಿರುವ ಸ್ಪಂಜಿನ ಹಾಳೆ ಜಿನುಗಿ ಅಂಟಿಕೊಳ್ಳುವುದೂ ಉಂಟು, ಕೊಂಡ ದಿನವೇ ಅದನ್ನು ತೆಗೆದೆಸೆಯಿರಿ.

ಇಷ್ಟು ಹೇಳಿದ ಮೇಲೂ ಎಲ್‌ಪಿಯ ಆಸೆ ಬಿಡದಿದ್ದರೆ, ಶಾಸ್ತ್ರೀಯ ಎಲ್‌ಪಿಗಳನ್ನೇ ನೋಡಿ. ರಾಕ್ ಸಂಗೀತದ ತಟ್ಟೆಗಳು ಪಾರ್ಟಿಗಳಲ್ಲಿ ಸವೆದಿರುತ್ತವೆ, ಶಾಸ್ತ್ರೀಯ ತಟ್ಟೆಗಳನ್ನು ಜನ ಜೋಪಾನವಾಗಿ ಇಟ್ಟಿರುತ್ತಾರೆ, ಬೆಲೆಯೂ ಇನ್ನೂ ಮಿತಿಯಲ್ಲಿದೆ. ತಟ್ಟೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು, ಕಂಡ ಗೆರೆಯ ಮೇಲೆ ಬೆರಳ ತುದಿಯನ್ನು ಹಗುರವಾಗಿ ಆಡಿಸಿ; ಬೆರಳಿಗೆ ಗೊತ್ತಾಗುವ ಗೀರು ಕಿವಿಗೂ ಗೊತ್ತಾಗುತ್ತದೆ. ನಡುವಿನ ರಂಧ್ರದ ಸುತ್ತ ಕಾಗದದ ಮೇಲೆ ಕೂದಲೆಳೆಯಂಥ ಗೆರೆಗಳು ಹೆಚ್ಚಿದ್ದಷ್ಟೂ ತಟ್ಟೆ ಹೆಚ್ಚು ಸಲ ನುಡಿದಿದೆ ಎಂದರ್ಥ. ಕೊಲಂಬಿಯಾ ಕಂಪನಿಯ 33ಸಿಎಕ್ಸ್ ಮತ್ತು ಎಸ್‌ಎಎಕ್ಸ್ ಎಂಬ ಕ್ರಮಾಂಕಗಳ ಮೊದಲ ಮುದ್ರಣಗಳಲ್ಲಿ ಕೆಲವು, ವಿಶೇಷವಾಗಿ ಪಿಟೀಲು ವಾದಕರಾದ ಯೊಹಾನಾ ಮಾರ್ಟ್ಸಿ, ಲಿಯೊನಿಡ್ ಕೊಗಾನ್ ಇವರವು, ಸಾವಿರಾರು ಪೌಂಡು ಬಾಳುತ್ತವೆ. ಆ ಆಸೆಯಿಂದ ಪೆಟ್ಟಿಗೆಗಳನ್ನು ಕೆದಕುವವರು ನಿಮಗಿಂತ ಮೊದಲೇ ಅಲ್ಲಿಗೆ ಬಂದು ಹೋಗಿರುತ್ತಾರೆ, ನೀವು ಆ ಪಂದ್ಯಕ್ಕೆ ಇಳಿಯಬೇಡಿ. 78 ವೇಗದ ತಟ್ಟೆ ಸಿಕ್ಕಿ ತೊಳೆಯುವುದಾದರೆ ಸ್ಪಿರಿಟ್ ಸೇರಿದ ಯಾವುದನ್ನೂ ಹಚ್ಚಬಾರದು, ಅರಗಿನ ತಟ್ಟೆಯನ್ನು ಅದು ಕರಗಿಸುತ್ತದೆ.

ನಮ್ಮ ಸಂಗೀತದ ವಿಷಯಕ್ಕೆ ಬರುತ್ತೇನೆ. ಭಾರತೀಯ ಶಾಸ್ತ್ರೀಯ ಸಂಗೀತದ ತಟ್ಟೆಗಳು ಇಲ್ಲಿ ನೀವು ನೆನೆಸುವುದಕ್ಕಿಂತ ಹೆಚ್ಚಾಗಿ ಸಿಗುತ್ತವೆ. ನನ್ನ ಅನುಭವದಲ್ಲಿ ಅವು ಬರುವುದು ಭಾರತೀಯರ ಮನೆಗಳಿಗಿಂತ ಹೆಚ್ಚಾಗಿ, ಒಂದು ಕಾಲದಲ್ಲಿ ಸಿತಾರಿಗೆ ಮರುಳಾಗಿದ್ದ ಇಂಗ್ಲಿಷರ ಮನೆಗಳಿಂದ. 1955ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುನ್ನುಡಿಯೊಂದಿಗೆ ಬಂದ ಅಲಿ ಅಕ್ಬರ್ ಖಾನರ ಎಲ್‌ಪಿ ಇಲ್ಲಿನವರಿಗೆ ಬಾಗಿಲು ತೆರೆಯಿತು. 1967ರಲ್ಲಿ ರವಿಶಂಕರ್ ಮತ್ತು ಮೆನುಹಿನ್ ಜೊತೆಗೂಡಿ ನುಡಿಸಿದ ತಟ್ಟೆ ಬಹಳ ಮನೆಗಳನ್ನು ಹೊಕ್ಕಿತು, ಇಂದಿಗೂ ಎಲ್‌ಪಿ ಪೆಟ್ಟಿಗೆಗಳಲ್ಲಿ ಆಗಾಗ ಸಿಗುವ ಭಾರತೀಯ ತಟ್ಟೆ ಅದೇ. ಸಿಡಿಗಳಲ್ಲಿ ನಿಂಬಸ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ವೇಲ್ಸ್ ಗಡಿಯ ಮಾನ್‌ಮತ್ ಬಳಿ 1984ರಲ್ಲಿ ಬ್ರಿಟನ್ನಿನ ಮೊದಲ ಸಿಡಿ ಕಾರ್ಖಾನೆಯನ್ನು ತೆರೆದ ಈ ಕಂಪನಿ ಹರಿಪ್ರಸಾದ್ ಚೌರಾಸಿಯಾ, ಸಾರಂಗಿಯ ರಾಮ್ ನಾರಾಯಣ್ ಮುಂತಾದವರ ದೀರ್ಘ ವಾದನಗಳನ್ನು ಕತ್ತರಿಸದೆ ಮುದ್ರಿಸಿತು. ಒಂದೇ ರಾಗ ಒಂದು ಗಂಟೆಗೂ ಮೀರಿ ಹರಿಯುವ ಈ ಸಿಡಿಗಳು ನಿಮ್ಮ ಕಿವಿಗೆ ಹೇಳಿ ಮಾಡಿಸಿದಂತಿರುತ್ತವೆ. ಲಂಡನ್ನಿನ ನವರಸ್ ಕಂಪನಿ ಇಲ್ಲಿ ನಡೆದ ಹಿಂದುಸ್ತಾನಿ ಕಛೇರಿಗಳನ್ನು ಸಿಡಿಗೆ ತಂದಿದೆ. ರಾಕ್ ಗಾಯಕ ಪೀಟರ್ ಗೇಬ್ರಿಯೆಲ್ 1989ರಲ್ಲಿ ಆರಂಭಿಸಿದ ರಿಯಲ್ ವರ್ಲ್ಡ್ ಕಂಪನಿಯಿಂದ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರ ಕರ್ನಾಟಕ ಸಂಗೀತ ಬಂದಿದೆ.

ಇವುಗಳನ್ನು ಎಲ್ಲಿ ಇಟ್ಟಿರುತ್ತಾರೆ ಎಂಬುದೇ ಸಮಸ್ಯೆ. ವರ್ಲ್ಡ್ ಮ್ಯೂಸಿಕ್ ಎಂಬ ವಿಭಾಗವಿದ್ದರೆ ಅಲ್ಲಿ ನೋಡಿ, ಇಲ್ಲದಿದ್ದರೆ ವಿಶ್ರಾಂತಿ ಮತ್ತು ಯೋಗದ ಸಿಡಿಗಳ ನಡುವೆ, ತಿಮಿಂಗಿಲಗಳ ಕೂಗು ಮತ್ತು ಜಲಪಾತದ ಸದ್ದಿನ ಪಕ್ಕದಲ್ಲಿ ನೋಡಿ. ಮಾರವಾ ರಾಗ ಅಲ್ಲಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಡೆವನ್ ಕಡೆಗೆ ಹೋದರೆ ಟಾಟ್ನೆಸ್ ಊರನ್ನು ಬಿಡಬೇಡಿ. ಟಾಗೋರರೊಂದಿಗೆ ಕೆಲಸ ಮಾಡಿ ಬಂದ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ 1925ರಲ್ಲಿ ಅದರ ಪಕ್ಕದ ಡಾರ್ಟಿಂಗ್ಟನ್‌ನಲ್ಲಿ ಶಿಕ್ಷಣ ಮತ್ತು ಗ್ರಾಮಾಭಿವೃದ್ಧಿಯ ತಮ್ಮ ಪ್ರಯೋಗವನ್ನು ಆರಂಭಿಸಿದರು, ಮುಂದೆ ಅಲ್ಲಿನ ಕಲಾಶಾಲೆಯಲ್ಲಿ ಇಮ್ರತ್ ಖಾನ್ ಸಿತಾರ್ ಕಲಿಸಿದರು. ಅಂತಹ ಊರಿನ ಚೀಲಗಳಿಂದ ಏನು ಹೊರಬರಬಹುದು ಎಂದು ಊಹಿಸಿಕೊಳ್ಳಿ. ನಿಮ್ಮ ಧಾರವಾಡ, ಹುಬ್ಬಳ್ಳಿಯ ಕಡೆಯವರ ತಟ್ಟೆಗಳು, ಎಂದರೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಎಚ್‌ಎಂವಿ ಎಲ್‌ಪಿಗಳು, ಕಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದವು. ಭಾರತೀಯರು ಹೆಚ್ಚಾಗಿ ನೆಲೆಸಿರುವ ಲೆಸ್ಟರ್, ಹ್ಯಾರೊ, ವೆಂಬ್ಲಿಯಂಥ ಕಡೆ ಅವು ಅಪರೂಪಕ್ಕೆ ಕಾಣಿಸಬಹುದು. ಕನ್ನಡ ಚಿತ್ರಗೀತೆಗಳ ತಟ್ಟೆಯನ್ನಂತೂ ಇಲ್ಲಿ ನಿರೀಕ್ಷಿಸಬೇಡಿ.

ಅಂಗಡಿಯಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚೌಕಾಸಿ ಮಾಡಬೇಡಿ. ನಮ್ಮ ಸಂತೆಯಲ್ಲಿ ಅದು ಮಾತುಕತೆಯ ಒಂದು ಭಾಗ, ಇಲ್ಲಿನ ಚಾರಿಟಿ ಅಂಗಡಿಯಲ್ಲಿ ಅದನ್ನು ರೋಗಿಯ ಔಷಧಿಯ ಹಣದಿಂದ ಕಿತ್ತುಕೊಂಡಂತೆ ಕಾಣುತ್ತಾರೆ. ಒಂದೇ ಸಲಕ್ಕೆ ಇಪ್ಪತ್ತು ಸಿಡಿ ಕೊಳ್ಳುವಾಗ ಒಟ್ಟಿಗೆ ಏನಾದರೂ ಬೆಲೆಯಿದೆಯೇ ಎಂದು ವಿನಯದಿಂದ ಕೇಳಬಹುದು, ಅಷ್ಟೇ. ನಿಮಗೆ ಬೇಡವಾದದ್ದನ್ನು ಮರಳಿ ದಾನ ಕೊಡುವಾಗ ಗಿಫ್ಟ್ ಏಡ್ ಅರ್ಜಿಯನ್ನು ತುಂಬಿ ಕೊಡಿ. ನೀವು ಇಲ್ಲಿ ಆದಾಯ ತೆರಿಗೆ ಕಟ್ಟುತ್ತಿರುವುದರಿಂದ, ನಿಮ್ಮ ವಸ್ತುವಿನಿಂದ ಬಂದ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಹೆಚ್ಚಾಗಿ ಸಂಸ್ಥೆಗೆ ಸೇರುತ್ತದೆ. ಕಂಪ್ಯೂಟರಿಗೆ ನಕಲು ಮಾಡಿಕೊಂಡು ತಟ್ಟೆಯನ್ನು ಹಿಂದಕ್ಕೆ ಕೊಡುವ ಯೋಚನೆ ಮಾತ್ರ ಬೇಡ. ಸ್ವಂತ ಬಳಕೆಗಾಗಿ ನಕಲು ಮಾಡಿಕೊಳ್ಳಲು 2014ರ ಅಕ್ಟೋಬರಿನಲ್ಲಿ ಇಲ್ಲಿ ಕೊಟ್ಟಿದ್ದ ಅವಕಾಶವನ್ನು ಮರುವರ್ಷದ ಜುಲೈನಲ್ಲಿ ಹೈಕೋರ್ಟ್ ರದ್ದುಪಡಿಸಿತು.

ಮೂರು ವರ್ಷದ ಬಳಿಕ ಊರಿಗೆ ಹೊರಡುವಾಗ ಸಿಡಿಗಳ ತೂಕದ ಬಹುಪಾಲು ಪ್ಲಾಸ್ಟಿಕ್ ಡಬ್ಬಿಯದೇ ಎಂಬುದು ನೆನಪಿರಲಿ. ತಟ್ಟೆ, ಮುಂದಿನ ಪುಸ್ತಿಕೆ ಮತ್ತು ಹಿಂಬದಿಯ ಕಾಗದವನ್ನು ಮೆತ್ತನೆಯ ತೆಳು ಲಕೋಟೆಗಳಿಗೆ ವರ್ಗಾಯಿಸಿಕೊಂಡರೆ ನೂರಾರು ಸಿಡಿಗಳು ಒಂದು ಕೈಚೀಲದಲ್ಲಿ ಕೂರುತ್ತವೆ, ಎಲ್‌ಪಿಗಳಾದರೆ ಹಡಗಿಗೆ ಹಾಕಬೇಕಾದೀತು. ಆಪೆರಾ ಅಥವಾ ಕಛೇರಿಯ ಡಿವಿಡಿಗಳು ಅದೇ ಕಪಾಟಿನಲ್ಲಿ ಅಷ್ಟೇ ಅಗ್ಗವಾಗಿ ಕಾಣಿಸುತ್ತವೆ, ಆದರೆ ಕೊಳ್ಳುವ ಮೊದಲು ಹಿಂಬದಿಯ ಪುಟ್ಟ ಗೋಳದ ಚಿಹ್ನೆಯೊಳಗಿನ ಅಂಕಿಯನ್ನು ನೋಡಿ. ಬ್ರಿಟನ್ನಿನದು 2ನೇ ವಲಯ, ಭಾರತದ್ದು 5ನೇ ವಲಯ; 2 ಎಂದು ಮಾತ್ರ ಇರುವ ಡಿವಿಡಿ ಹುಬ್ಬಳ್ಳಿಯಲ್ಲಿ ಕೊಂಡ ಸಾಮಾನ್ಯ ಪ್ಲೇಯರಿನಲ್ಲಿ ನುಡಿಯುವುದಿಲ್ಲ, ಸೊನ್ನೆ ಎಂದಿದ್ದರೆ ಎಲ್ಲೆಡೆ ನುಡಿಯುತ್ತದೆ. ಸಿಡಿಗೆ ಇಂತಹ ಗಡಿಗಳಿಲ್ಲ.